ಹೊಗೆ ಹಾಕಿದರೂ ಸೊಳ್ಳೆ ಕಚ್ಚುವುದೇಕೆ?

ಮಳೆ ಹಿಡಿದು ತಿಂಗಳಾಯಿತು. ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಸೊಳ್ಳೆ, ಉಣುಗು, ಹೇನು, ಅಕ್ಕಿಹುಳುಗಳದ್ದೇ. ಮೂವತ್ತು ವರ್ಷ ಇದೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳಿಗೆ ಇದಕ್ಕಿಂತ ಖುಷಿಯ ವಿಷಯ ಬೇರೆ ಇಲ್ಲ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಟೀಚರ್, ನಮ್ಮದು ಎಣ್ಮಕಜೆಯ ಒಂದು ಮೂಲೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂಕಟ ಕಂಡ ಊರು. ಹಾಗಾಗಿ ಮನೆಗೆ ಕಾಯಿಲ್, ಲಿಕ್ವಿಡ್ ಯಾವುದನ್ನೂ ತರುವುದಿಲ್ಲ. ಮೂರ್ಸಂಜೆಗೆ ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತೇವೆ, ಮಕ್ಕಳ ಕೈಕಾಲಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚುತ್ತೇವೆ. ಆದರೂ ಹೋದ ವರ್ಷ ಮಗನಿಗೆ ಡೆಂಗಿ ಬಂತು. ಹಾಗಾದರೆ ಈ ಸೊಪ್ಪು, ಎಣ್ಣೆ ಎಲ್ಲ ಬರೀ ನಂಬಿಕೆಯೇ?

ಉತ್ತರ: ಅಲ್ಲ, ನಂಬಿಕೆ ಮಾತ್ರ ಅಲ್ಲ. ಆದರೆ ನೀವು ಹೊಗೆ ಹಾಕಿದ ಹೊತ್ತು ಬೇರೆ, ಆ ಸೊಳ್ಳೆ ಬಂದ ಹೊತ್ತು ಬೇರೆ.

ಡೆಂಗಿ ಹರಡುವುದು ಮೈಮೇಲೆ ಬಿಳಿ ಪಟ್ಟೆಯಿರುವ ಈಡಿಸ್ ಸೊಳ್ಳೆ. ಅದು ಕಚ್ಚುವುದು ಹಗಲು ಹೊತ್ತಿನಲ್ಲಿ. ಬೆಳಗ್ಗೆ ಬಿಸಿಲೇರುವ ಮೊದಲು ಒಮ್ಮೆ, ಮತ್ತೆ ಹೊತ್ತು ಇಳಿಯುವಾಗ ಒಮ್ಮೆ ಅದರ ಕಾಟ ಜೋರು. ನೀವು ದೀಪ ಹಚ್ಚಿ ಹೊಗೆ ಹಾಕುವಷ್ಟರಲ್ಲಿ ಅದರ ದಿನದ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ನಿಮ್ಮ ಹೊಗೆಗೆ ಹೆದರಿ ಓಡಿದ್ದು ಕತ್ತಲೆಗೆ ಏಳುವ ಬೇರೆ ಜಾತಿಯವು. ಹೊಗೆ ಸುಳ್ಳಲ್ಲ, ಅದು ಬೇರೆ ಸೊಳ್ಳೆಯ ಮೇಲೆ ಕೆಲಸ ಮಾಡಿತು, ಅಷ್ಟೆ.

ಇನ್ನು ಎಣ್ಣೆಯ ವಿಷಯ. ಸೊಳ್ಳೆ ನಮ್ಮನ್ನು ಹುಡುಕುವುದು ಹಂತ ಹಂತವಾಗಿ. ಮೊದಲು ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಎಳೆಯ ಹಾಗೆ ಹರಿದು ಹೋಗುತ್ತದೆ. ಹತ್ತಾರು ಮೀಟರ್ ದೂರದಿಂದಲೇ ಹೆಣ್ಣು ಸೊಳ್ಳೆಗೆ ಅದರ ಸುಳಿವು ಸಿಗುತ್ತದೆ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕಲ್ಲ. ಹತ್ತಿರ ಬಂದ ಹಾಗೆ ಬೆವರಿನ ಲ್ಯಾಕ್ಟಿಕ್ ಆಮ್ಲ, ಚರ್ಮದ ವಾಸನೆ, ಕೊನೆಗೆ ಮೈಯ ಬಿಸಿ ಮತ್ತು ಪಸೆ. ಅದರ ಮೀಸೆಯಂಥ ಸ್ಪರ್ಶಾಂಗದ ಮೇಲಿನ ಕೂದಲುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ವಾಸನೆಯ ಕಣ ಅದರೊಳಗೆ ಇಳಿದು, ಅಲ್ಲಿನ ದ್ರವದಲ್ಲಿ ಬೆರೆತು, ನರಕ್ಕೆ ಸುದ್ದಿ ಮುಟ್ಟಿಸುತ್ತದೆ.

ಗಿಡದ ಎಣ್ಣೆ ಕೈ ಹಾಕುವುದು ಇಲ್ಲಿಯೇ. ಅದು ಸೊಳ್ಳೆಯನ್ನು ಕೊಲ್ಲುವುದಿಲ್ಲ. ಕೆಲವು ಎಣ್ಣೆಗಳ ವಾಸನೆ ನಮ್ಮ ಮೈವಾಸನೆಯ ಸುದ್ದಿಯನ್ನು ಕಲಸಿಬಿಡುತ್ತದೆ, ಅಂಗಡಿಯಲ್ಲಿ ಹತ್ತು ಜನ ಒಟ್ಟಿಗೆ ಮಾತಾಡಿದರೆ ನಮ್ಮವರ ದನಿ ಗುರುತು ಸಿಗದ ಹಾಗೆ. ಕೆಲವು ನೇರವಾಗಿ ಉರಿ ಎಬ್ಬಿಸುತ್ತವೆ. ಸಾಸಿವೆ ಹೆಚ್ಚಾದ ಗೊಜ್ಜು ತಿಂದಾಗ ಮೂಗಿಗೆ ಚುರ್ರೆಂದು ಏರುತ್ತದಲ್ಲ, ಆ ಉರಿಯನ್ನು ತಿಳಿಯಲು ನಮ್ಮ ನರಗಳಲ್ಲಿ ಟ್ರಿಪ್-ಎ1 ಎಂಬ ಒಂದು ಬಾಗಿಲಿದೆ. ಅದರ ಬಂಧು ಬಾಗಿಲು ಕೀಟಗಳಲ್ಲೂ ಇದೆ. ನಿಮ್ಮ ಮಜ್ಜಿಗೆ ಹುಲ್ಲಿನ ನೆಂಟನಾದ ಸಿಟ್ರೊನೆಲ್ಲಾ ಹುಲ್ಲಿನ ಸಿಟ್ರೊನೆಲ್ಲಾಲ್ ಅದನ್ನು ತಟ್ಟುತ್ತದೆ.

ನಿಮ್ಮ ಕಾಗದ ಓದಿದ ಮೇಲೆ ಮನಸ್ಸು ತಡೆಯಲಿಲ್ಲ, ನಮ್ಮ ಹಟ್ಟಿಯ ಪಕ್ಕ ಕೂತು ಪರೀಕ್ಷೆ ಮಾಡಿದೆ. ಒಂದು ಚಮಚ ತೆಂಗಿನೆಣ್ಣೆಗೆ ಎರಡು ಹನಿ ಮಜ್ಜಿಗೆ ಹುಲ್ಲಿನ ಎಣ್ಣೆ ಬೆರೆಸಿ ಎಡಗೈಗೆ ಹಚ್ಚಿದೆ, ಬಲಗೈಗೆ ಏನೂ ಇಲ್ಲ. ಸಂಜೆ ಆರೂವರೆ. ಬಲಗೈ ಮೇಲೆ ಒಂದು ನಿಮಿಷದೊಳಗೆ ಎರಡು ಕೂತವು. ಎಡಗೈ ಕಡೆಗೂ ಬಂದವು, ಬರಲಿಲ್ಲವೆಂದಲ್ಲ. ಗೇಣು ದೂರದ ತನಕ ಬಂದು, ಅಲ್ಲೇ ತೂಗಾಡಿ, ಪಕ್ಕಕ್ಕೆ ಸರಿದು ಹೋದವು. ಒಂದು ಮಾತ್ರ ಮುಂಗೈ ಮೇಲೆ ಇಳಿಯಿತು. ಮುಂದಿನ ಕಾಲು ಊರಿ ತಕ್ಷಣ ಎತ್ತಿಕೊಂಡು ಹಾರಿತು. ಸೊಳ್ಳೆಗೆ ಕಾಲಿನ ತುದಿಯಲ್ಲೂ ರುಚಿ ತಿಳಿಯುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೆ, ನನ್ನದೇ ಕೈ ಮೇಲೆ ನೋಡಿದ್ದು ಅಂದೇ. ಏಳು ಗಂಟೆಗೆ ಐದು ನಿಮಿಷ ಇದೆ ಎನ್ನುವಾಗ ಎಡಗೈ ಮಣಿಕಟ್ಟಿನಲ್ಲಿ ಮೊದಲ ಕಡಿತ. ನಡುವೆ ದನಕ್ಕೆ ಹುಲ್ಲು ಹಾಕಿ ಕೈ ಬೆವರಿತ್ತು. ಒಬ್ಬಳ ಕೈ, ಒಂದು ಸಂಜೆ, ಇದನ್ನೇ ಲೆಕ್ಕ ಎನ್ನಲು ಆಗದು. ಆದರೆ 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಳತೆ ಇದಕ್ಕಿಂತ ದೂರವಿಲ್ಲ. ಅಲ್ಲಿ ಪರೀಕ್ಷಿಸಿದ ಸಿಟ್ರೊನೆಲ್ಲಾ ಲೇಪಗಳು ಸರಾಸರಿ 20 ನಿಮಿಷವೂ ಬಾಳಲಿಲ್ಲ. ಶೇಕಡಾ 23.8ರಷ್ಟು ಡೀಟ್ ಎಂಬ ರಾಸಾಯನಿಕ ಇದ್ದ ಲೇಪ 301 ನಿಮಿಷ ಕಾಯಿತು.

ಕಾರಣ ಸರಳ. ವಾಸನೆ ಬರಬೇಕಾದರೆ ಎಣ್ಣೆ ಆವಿಯಾಗಬೇಕು, ಆವಿಯಾದದ್ದು ಮುಗಿದೇ ಮುಗಿಯುತ್ತದೆ. ಮೂಗಿಗೆ ಘಮ್ಮೆಂದು ಬೇಗ ಬಡಿಯುವ ಎಣ್ಣೆ ಅಷ್ಟೇ ಬೇಗ ಖಾಲಿ. ತೆಂಗಿನೆಣ್ಣೆಯಲ್ಲಿ ಬೆರೆಸಿದರೆ ಆವಿಯಾಗುವುದು ಸ್ವಲ್ಪ ನಿಧಾನ. ತೆಂಗಿನ ನಾಡಿನವರಿಗೆ ಇನ್ನೊಂದು ಸುದ್ದಿಯಿದೆ. 2018ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ತೆಂಗಿನೆಣ್ಣೆಯಿಂದ ಬೇರ್ಪಡಿಸಿದ ಲಾರಿಕ್, ಕ್ಯಾಪ್ರಿಕ್, ಕ್ಯಾಪ್ರಿಲಿಕ್ ಆಮ್ಲಗಳ ಮಿಶ್ರಣವನ್ನು ಪರೀಕ್ಷಿಸಿದರು. ಪಿಷ್ಟದಲ್ಲಿ ಕಲಸಿ ದನಗಳಿಗೆ ಹಚ್ಚಿದಾಗ ಕಚ್ಚುವ ನೊಣಗಳನ್ನು ಅದು 4 ದಿನದವರೆಗೆ ದೂರ ಇಟ್ಟಿತು. ಗಮನಿಸಿ, ಗಾಣದ ಎಣ್ಣೆಗೆ ಆ ಗುಣವಿಲ್ಲ. ಬಿಡಿಸಿ ತೆಗೆದ ಆಮ್ಲಗಳಿಗೆ ಇದೆ.

ಹೊಗೆಯ ಬಗ್ಗೆ ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಒಂದು ಸೊಳ್ಳೆ ಕಾಯಿಲ್ ಉರಿದು ಮುಗಿಯುವಾಗ ಬಿಡುವ ಅತಿ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟಿನದ್ದಕ್ಕೆ ಸಮ ಎಂದು 2003ರ ಒಂದು ಅಧ್ಯಯನ ಅಳೆದಿದೆ. ನಿಮ್ಮ ಲಕ್ಕಿ ಸೊಪ್ಪು ಕಾಯಿಲ್ ಅಲ್ಲ, ನಿಜ. ಆದರೆ ಪುಪ್ಪುಸಕ್ಕೆ ಹೋಗುವ ಹೊಗೆ ಯಾವ ಸೊಪ್ಪಿನದ್ದಾದರೂ ಹೊಗೆಯೇ. ದಮ್ಮು ಇರುವವರು, ಸಣ್ಣ ಮಕ್ಕಳು ಇರುವ ಕೋಣೆಯ ಬಾಗಿಲು ಮುಚ್ಚಿ ಹೊಗೆ ತುಂಬಬೇಡಿ. ಹಟ್ಟಿಗೆ ಹಾಕಿ, ಜಗಲಿಯ ಹೊರಗೆ ಹಾಕಿ.

ನೀವು ಎಂಡೋಸಲ್ಫಾನಿನ ಮಾತು ಎತ್ತಿದ್ದರಿಂದ ಇದನ್ನೂ ಬರೆಯಬೇಕು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಲು ಹೆಲಿಕಾಪ್ಟರ್ ಬರುತ್ತಿತ್ತು. ಬಂದ ದಿನ ಶಾಲೆಯ ಬಾವಿಗೆ ನಾವು ಸೋಗೆ ಮುಚ್ಚುತ್ತಿದ್ದೆವು. ಗೇರು ಚಿಗುರಿನ ರಸ ಹೀರುವ ಒಂದು ಸಣ್ಣ ತಿಗಣೆಗಾಗಿ ಅಷ್ಟೆಲ್ಲ ವಿಷ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕೂತ ಕೆಲವು ಮಕ್ಕಳನ್ನು ನೆನೆದರೆ ಇಂದಿಗೂ ಮಾತು ನಿಲ್ಲುತ್ತದೆ. ಹಾಗಾಗಿ ಬಾಟಲಿ ಕಂಡರೆ ನಿಮಗೆ ಬರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಸಿಟ್ಟಿನಲ್ಲಿ ಗಿಡದಿಂದ ಬಂದದ್ದೆಲ್ಲ ತಣ್ಣಗೆ ಎಂದುಕೊಳ್ಳಬೇಡಿ. ಹೊಗೆಸೊಪ್ಪಿನ ನಿಕೋಟಿನ್ ಗಿಡದ್ದೇ. ಕಾಯಿಲಿನಲ್ಲಿ ಮೊದಲು ಇದ್ದದ್ದೂ ಸೇವಂತಿಗೆಯ ಒಂದು ಜಾತಿಯ ಹೂವಿನ ಪುಡಿಯೇ. ಆ ಹೂವಿನ ಪೈರೆಥ್ರಿನ್ ಕೀಟದ ನರ ಸಡಿಲವಾಗದ ಹಾಗೆ ಹಿಡಿದು ಕೊಲ್ಲುತ್ತದೆ, ಜೇನುನೊಣವನ್ನೂ ಮೀನನ್ನೂ ಬಿಡುವುದಿಲ್ಲ.

ಈಗ ಮಾಡಬೇಕಾದದ್ದು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಗೆರಟೆ, ಅಂಗಳದ ಹೂಕುಂಡದ ತಟ್ಟೆ, ಟಾರ್ಪಾಲಿನ ಮಡಿಕೆ, ಇವೆಲ್ಲವನ್ನೂ ವಾರಕ್ಕೊಮ್ಮೆ ಬೋರಲು ಹಾಕಿ. ಈಡಿಸ್ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಏಳರಿಂದ ಹತ್ತು ದಿನ ಬೇಕು. ಆಶಾ ಕಾರ್ಯಕರ್ತೆಯರು ವಾರಕ್ಕೊಂದು ಡ್ರೈ ಡೇ ಎನ್ನುವುದು ಇದೇ ಲೆಕ್ಕದಲ್ಲಿ. ಮಗ ಶಾಲೆಗೆ ಹೊರಡುವ ಮುಂಚೆ ಮತ್ತು ಸಂಜೆ ಆಟಕ್ಕೆ ಇಳಿಯುವ ಮುಂಚೆ ಎಣ್ಣೆ ಹಚ್ಚಿ, ಅರ್ಧ ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ ಎಂದು ತಿಳಿದೇ ಹಚ್ಚಿ. ಬೆರೆಸದ ಎಣ್ಣೆ ಬೇಡ, ಅದರ ಸಿಟ್ರಾಲ್ ಕೆಲವರ ಚರ್ಮದಲ್ಲಿ ತುರಿಕೆ ಎಬ್ಬಿಸುತ್ತದೆ.

ಪ್ರಶ್ನೆ: ಬದಿಯಡ್ಕದ ಗೃಹಿಣಿ ನಾನು. ಅಕ್ಕಿಗೆ ಬೇವಿನ ಸೊಪ್ಪು ಹಾಕಿದರೆ ಹುಳು ಬರುವುದಿಲ್ಲ ಎಂದು ಮೊಬೈಲಿನಲ್ಲಿ ನೋಡಿ ಹಾಕಿದೆ. ಒಂದು ತಿಂಗಳಲ್ಲಿ ಡಬ್ಬಿ ತುಂಬ ಹುಳು. ಏಕೆ?

ಉತ್ತರ: ಮೊದಲು ಒಂದು ಕೇಳುತ್ತೇನೆ, ನೀವು ಹಾಕಿದ್ದು ಯಾವ ಬೇವು? ನಮ್ಮ ಕಡೆ ಬೇವಿನ ಸೊಪ್ಪು ಎಂದರೆ ಒಗ್ಗರಣೆಗೆ ಹಾಕುವ ಕರಿಬೇವು. ಘಟ್ಟದ ಮೇಲಿನವರು ಬೇವು ಎನ್ನುವುದು ಕಹಿಬೇವನ್ನು. ಮೊಬೈಲಿನಲ್ಲಿ ಮಾತಾಡಿದವರು ಮೈಸೂರಿನ ಕಡೆಯವರಾಗಿದ್ದರೆ ಸೊಪ್ಪೇ ಬದಲಾಗಿರಬಹುದು.

ಕಹಿಬೇವೇ ಹಾಕಿದ್ದರೂ ಹುಳು ಬರುವ ದಾರಿ ಒಂದಿದೆ. ಅಕ್ಕಿಹುಳುವಿನ ಹೆಣ್ಣು ಮೂತಿಯಿಂದ ಕಾಳಿನಲ್ಲಿ ಸಣ್ಣ ತೂತು ಕೊರೆದು, ಒಳಗೆ ಒಂದು ಮೊಟ್ಟೆಯಿಟ್ಟು, ಅಂಟಿನಿಂದ ಬಾಯಿ ಮುಚ್ಚುತ್ತದೆ. ಮರಿ ಬೆಳೆಯುವುದು ಪೂರ್ತಿ ಕಾಳಿನ ಒಳಗೆ. ಅಂಗಡಿಯಿಂದ ತಂದ ಕುಚ್ಚಲಕ್ಕಿಯಲ್ಲಿ ಅಂಥ ಕಾಳುಗಳು ಮೊದಲೇ ಇದ್ದರೆ, ಹೊರಗಿನ ಎಲೆಯ ವಾಸನೆ ಆ ಮರಿಗೆ ಮುಟ್ಟುವುದೇ ಇಲ್ಲ. ಎಲೆ ತಡೆಯಬಲ್ಲದ್ದು ಹೊರಗಿನಿಂದ ಹೊಸದಾಗಿ ಬರುವ ಹುಳುವನ್ನು. ಅಕ್ಕಿ ತಂದ ದಿನ ಸಾಧ್ಯವಾದಷ್ಟು ಬಿಸಿಲಿಗೆ ಹರಡಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಎಲೆ ಹಾಕುವುದಾದರೆ ಚೆನ್ನಾಗಿ ಒಣಗಿಸಿಯೇ ಹಾಕಿ. ಹಸಿ ಎಲೆಯ ಪಸೆ ಹುಳುವಿಗೇ ಅನುಕೂಲ, ಬೂಸ್ಟೂ ಬರುತ್ತದೆ. ಅರಸಿನ ಕೊಂಬು ಹಾಕುವ ಪದ್ಧತಿಗೂ ಆಧಾರ ಇದೆ. ಅದರ ಟರ್ಮರೋನ್ ಹಿಟ್ಟಿನ ಹುಳುವನ್ನು ದೂರ ತಳ್ಳುತ್ತದೆ.

ಕಹಿಬೇವಿನ ಬಗ್ಗೆ ಇನ್ನೂ ಒಂದು ತಪ್ಪು ತಿಳಿವಳಿಕೆ ತುಂಬ ಇದೆ. ಅದರ ಹೆಸರಾಂತ ಅಜಾಡಿರಾಕ್ಟಿನ್ ದೂರಕ್ಕೆ ಹೋಗುವ ವಾಸನೆಯಲ್ಲ, ಬಾಗಿಲಿಗೆ ತೋರಣ ಕಟ್ಟಿದರೆ ಸೊಳ್ಳೆಗೆ ಅದು ಗೊತ್ತೂ ಆಗದು. ಅದು ಕೆಲಸ ಮಾಡುವುದು ಬಾಯಿಗೆ ಬಿದ್ದಾಗ. ಎಲೆ ಕಚ್ಚಿದ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ. ತಿಂದ ಮರಿ ಪೊರೆ ಕಳಚಲಾರದೆ ಸಾಯುತ್ತದೆ, ಏಕೆಂದರೆ ಪೊರೆ ಕಳಚಲು ಬೇಕಾದ ಹಾರ್ಮೋನಿನ ಲೆಕ್ಕವನ್ನೇ ಅದು ಕೆಡಿಸುತ್ತದೆ. 1959ರಲ್ಲಿ ಸುಡಾನಿನಲ್ಲಿ ಮಿಡತೆ ಹಿಂಡು ಎಲ್ಲ ಹಸಿರನ್ನೂ ಬೋಳಿಸಿ ಬೇವಿನ ಮರಗಳನ್ನು ಮಾತ್ರ ಬಿಟ್ಟದ್ದನ್ನು ಹೈನ್‌ರಿಕ್ ಶ್ಮುಟರರ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞ ಕಂಡರು. ಮೂರು ವರ್ಷ ಕಳೆದು ದೆಹಲಿಯಲ್ಲಿ ಮಿಡತೆ ಬಂದಾಗ ನಮ್ಮವರೇ ಬೇವಿನ ಬೀಜದ ನೀರು ಸಿಂಪಡಿಸಿ ಬೆಳೆ ಉಳಿಸಿ ತೋರಿಸಿದರು.

ತೆಂಗಿಗೆ ಕುರುವಾಯಿ, ಅಂದರೆ ಸುಳಿ ಕೊರೆಯುವ ಕೊಂಬಿನ ದುಂಬಿ, ಬಿದ್ದಿದೆ ಎಂದು ಬರೆದ ಮೂವರಿಗೂ ಇಲ್ಲಿಯೇ ಉತ್ತರ. ಬೇವಿನ ಹಿಂಡಿಯ ಪುಡಿ 250 ಗ್ರಾಂ, ಅಷ್ಟೇ ಮರಳು, ಬೆರೆಸಿ ಸುಳಿಯ ಹತ್ತಿರದ ಎಳೆಯ ಮಡಲುಗಳ ಬುಡದ ಸಂದಿಗೆ ತುಂಬಿ, ವರ್ಷಕ್ಕೆ ಮೂರು ಸಲ. ನಮ್ಮ ಕೂಡ್ಲಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳಿಕೊಡುವ ಕ್ರಮ ಇದು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿದ ಸಂಸ್ಥೆ ನಮ್ಮ ಊರಲ್ಲೇ ಇರುವಾಗ ದೂರದ ವಿಡಿಯೋ ನೋಡಿ ಪ್ರಯೋಗ ಮಾಡುವುದು ಏಕೆ? ಗೊಬ್ಬರದ ಗುಂಡಿ ಕೆದಕಿ ಬಿಳಿ ಮರಿಗಳನ್ನು ಹೆಕ್ಕುವುದನ್ನೂ ಬಿಡಬೇಡಿ. ಕುರುವಾಯಿಯ ತವರು ಅಲ್ಲೇ.

ಪ್ರಶ್ನೆ: ಟೀಚರ್, ನಾನು ರಬ್ಬರ್ ಟ್ಯಾಪಿಂಗಿಗೆ ಹೋಗುವವನು. ನಸುಕಿಗೇ ತೋಟದಲ್ಲಿ ಉಂಬಳ, ಉಣುಗು ಎರಡೂ ಇವೆ. ನೀಲಗಿರಿ ಎಣ್ಣೆ ಹಚ್ಚಿದರೂ ಬಿಡುವುದಿಲ್ಲ. ಹೊಗೆಸೊಪ್ಪು, ಸುಣ್ಣ ಕಾಲಿಗೆ ಕಟ್ಟಬಹುದೇ?

ಉತ್ತರ: ಉಂಬಳ ಕೀಟವಲ್ಲ, ಎರೆಹುಳುವಿನ ನೆಂಟ. ಉಣುಗೂ ಕೀಟವಲ್ಲ, ಎಂಟು ಕಾಲಿನ ಜೇಡನ ಬಳಗ. ಅದಕ್ಕೆ ಮೀಸೆಯಿಲ್ಲ. ಮುಂಗಾಲಿನ ತುದಿಯಲ್ಲಿರುವ ಸಣ್ಣ ಗುಳಿಯಲ್ಲೇ ನಮ್ಮ ಉಸಿರು, ಬಿಸಿ, ವಾಸನೆ ಹಿಡಿಯುತ್ತದೆ. ಹುಲ್ಲಿನ ತುದಿಯಲ್ಲಿ ಆ ಕಾಲು ಚಾಚಿ ಕಾಯುವ ಉಣುಗನ್ನು ನೀವೇ ನೋಡಿರುತ್ತೀರಿ.

ನೀಲಗಿರಿಯಲ್ಲಿ ಎರಡು ಬೇರೆ ಬೇರೆ ಇವೆ. ಶೀತಕ್ಕೆ ಮೂಸುವ ಬಾಟಲಿಯಲ್ಲಿ ಇರುವುದು ಸಿನಿಯೋಲ್, ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಂಬೆ ವಾಸನೆಯ ನೀಲಗಿರಿ ಬೇರೆಯೇ ಮರ. ಅದರ ಎಣ್ಣೆಯನ್ನು ಸಂಸ್ಕರಿಸಿದಾಗ ಸಿಗುವ ಪಿಎಂಡಿ ಎಂಬ ವಸ್ತು ಬೇಗ ಆವಿಯಾಗುವುದಿಲ್ಲ, ಗಂಟೆಗಟ್ಟಲೆ ಕಾಯುತ್ತದೆ. ಗಿಡದಿಂದ ಬಂದವುಗಳಲ್ಲಿ ನಾನು ಮನಸಾರೆ ಒಪ್ಪುವುದು ಇದನ್ನೇ. ಡಬ್ಬಿಯ ಮೇಲೆ ಪಿಎಂಡಿ ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಹೊಗೆಸೊಪ್ಪು ಕಟ್ಟಬೇಡಿ. ಒದ್ದೆ ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಗದ್ದೆಯಲ್ಲಿ ಮಂಜಿಗೆ ನೆನೆದ ಹೊಗೆಸೊಪ್ಪು ಕೊಯ್ಯುವವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಮಳೆಯಲ್ಲಿ ನಾಲ್ಕು ಗಂಟೆ ಮರದಿಂದ ಮರಕ್ಕೆ ನಡೆಯುವ ನಿಮ್ಮ ಕಾಲಿಗೆ ಅದು ಸರಿಯಲ್ಲ. ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲ ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಸ್ನಾನಕ್ಕೆ. ತೊಡೆಸಂದು, ಕಂಕುಳ, ಕಿವಿಯ ಹಿಂದೆ ಮುಟ್ಟಿ ನೋಡಿ. ಮಲೆನಾಡಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಅಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಡೆಪಾ ಎಣ್ಣೆ ಹಂಚುತ್ತದೆ. ಅದು ಗಿಡದ್ದಲ್ಲ, ರಕ್ಷಣಾ ಸಂಶೋಧನೆಯವರು ತಯಾರಿಸಿದ ರಾಸಾಯನಿಕ. ಕಾಡಿಗೆ ಹೋಗುವ ನನ್ನ ತಮ್ಮನಾಗಿದ್ದರೆ ಹಚ್ಚಿಕೊಂಡೇ ಹೋಗು ಎನ್ನುತ್ತಿದ್ದೆ.

ಪ್ರಶ್ನೆ: ಮಗುವಿಗೆ ಐದು ತಿಂಗಳು. ಸೊಳ್ಳೆಗೆ ಕರ್ಪೂರ ಕರಗಿಸಿದ ತೆಂಗಿನೆಣ್ಣೆ ಹಚ್ಚಲೇ? ದೊಡ್ಡವಳ ತಲೆಯಲ್ಲಿ ಹೇನು, ಅದಕ್ಕೆ ಸೀತಾಫಲದ ಬೀಜ ಅರೆದು ಹಚ್ಚಲು ಅತ್ತೆ ಹೇಳುತ್ತಾರೆ.

ಉತ್ತರ: ಎರಡೂ ಬೇಡ, ದಯಮಾಡಿ.

ಕರ್ಪೂರ ಮಗುವಿನ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಿಸಬಲ್ಲದು. ಆ ವಯಸ್ಸಿನ ಮಗು ಮೊದಲು ಮಾಡುವುದೇ ಕೈ ಬಾಯಿಗೆ ಹಾಕುವುದು. ಮೇಲೆ ಹೇಳಿದ ನಿಂಬೆ ನೀಲಗಿರಿಯೂ ಮೂರು ವರ್ಷ ತುಂಬದ ಮಕ್ಕಳಿಗೆ ಬೇಡ. ತೊಟ್ಟಿಲಿಗೆ ಸೊಳ್ಳೆಪರದೆ ಕಟ್ಟಿ, ಹಗಲು ಮಲಗಿಸುವಾಗಲೂ ಕಟ್ಟಿ.

ಸೀತಾಫಲದ ಬೀಜ ಹೇನನ್ನು ಕೊಲ್ಲುವುದು ನಿಜ, ಜೀವಕೋಶದ ಶಕ್ತಿಯ ಮೂಲವನ್ನೇ ಅದು ನಿಲ್ಲಿಸುತ್ತದೆ. ಆದರೆ ಕಣ್ಣಿಗೆ ತಾಗಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನೂ ಸುಡುತ್ತದೆ. ನನ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಸೋಮವಾರ ಶಾಲೆಗೆ ಬಂದಾಗ ಎಡಗಣ್ಣು ಕೆಂಡದ ಹಾಗಿತ್ತು, ಬೆಳಕಿಗೆ ತೆರೆಯಲು ಆಗುತ್ತಿರಲಿಲ್ಲ. ಭಾನುವಾರ ತಲೆಗೆ ಬೀಜ ಅರೆದು ಹಚ್ಚಿ, ತೊಳೆಯುವಾಗ ನೀರು ಕಣ್ಣಿಗೆ ಇಳಿದಿತ್ತು. ನಾನೇ ಜೀಪಿನಲ್ಲಿ ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಹತ್ತು ದಿನ ಬೇಕಾಯಿತು, ಪುಣ್ಯಕ್ಕೆ ಕಣ್ಣು ಉಳಿಯಿತು. ಮಗಳ ಕೂದಲು ಒದ್ದೆ ಮಾಡಿ, ಎಣ್ಣೆ ಹಚ್ಚಿ, ಹೇನು ಬಾಚಣಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎರಡು ವಾರ ಬಾಚಿ. ಅತ್ತೆಯವರಿಗೆ ಈ ಹುಡುಗಿಯ ಕತೆ ಓದಿ ಹೇಳಿ, ಖಂಡಿತ ಒಪ್ಪುತ್ತಾರೆ.

ಪ್ರಶ್ನೆ: ಕುಂಬಳೆಯವನು. ಅಜ್ಜನ ಕಾಲದ ಯಕ್ಷಗಾನ ಪ್ರಸಂಗದ ಓಲೆಗರಿ ಕಟ್ಟೊಂದು ಅಟ್ಟದಲ್ಲಿ ಸಿಕ್ಕಿದೆ. ಅಂಚಿನಲ್ಲಿ ಹುಳು ತಿಂದ ತೂತು. ಏನು ಹಚ್ಚಲಿ?

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಓಲೆಗರಿ ಸಿಕ್ಕಿತೆಂದು ಓದಿಯೇ ನನ್ನ ಮೈ ಜುಮ್ಮೆಂದಿತು.

ಮಜ್ಜಿಗೆ ಹುಲ್ಲಿನ ಎಣ್ಣೆ ನಿಜವಾಗಿ ನೆಲೆ ನಿಂತು ಕೆಲಸ ಮಾಡುವುದು ಇಲ್ಲಿ. ಓಲೆ ಜೋಪಾನ ಮಾಡುವವರು ಇಂದಿಗೂ ಅದನ್ನೇ ಬಳಸುತ್ತಾರೆ. ಚರ್ಮದ ಮೇಲೆ ಅರ್ಧ ಗಂಟೆಗೆ ಹಾರಿಹೋಗುವ ವಾಸನೆ, ಓಲೆಗಳ ನಡುವೆ ಬಟ್ಟೆ ಸುತ್ತಿ ಬಿಗಿದಿಟ್ಟಾಗ ಹೊರಗೆ ಹೋಗಲು ದಾರಿಯಿಲ್ಲದೆ ಬಹಳ ಕಾಲ ಉಳಿಯುತ್ತದೆ. ಎಣ್ಣೆಯ ಪಸೆಗೆ ಓಲೆ ಮುರುಟದೆ ಮೆತ್ತಗಾಗುತ್ತದೆ.

ಆದರೆ ಅವಸರ ಬೇಡ. ಓಲೆ ಸೀಳು ಬಿಟ್ಟಿದ್ದರೆ, ಒಂದಕ್ಕೊಂದು ಅಂಟಿದ್ದರೆ ಬಲವಂತವಾಗಿ ಬಿಡಿಸಬೇಡಿ. ಗಟ್ಟಿಯಿರುವವನ್ನು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಒಂದು ಓಲೆಯ ಮೂಲೆಯಲ್ಲಿ ಮಾತ್ರ ಹತ್ತಿಯಿಂದ ಒಂದು ಹನಿ ತೀಡಿ ನೋಡಿ, ಅಕ್ಷರದ ಮಸಿ ಹತ್ತಿಗೆ ಬರುತ್ತದೆಯೇ ಎಂದು. ಬಂದರೆ ನಿಲ್ಲಿಸಿ, ಬಲ್ಲವರ ಕೈಗೆ ಕೊಡಿ. ಬರದಿದ್ದರೆ ಓಲೆಯ ಉದ್ದಕ್ಕೆ ತೆಳ್ಳಗೆ ತೀಡಿ ನೆರಳಲ್ಲಿ ಆರಿಸಿ. ಕಾಗದದ ಪುಸ್ತಕಕ್ಕೆ ಮಾತ್ರ ಎಂದೂ ಈ ಎಣ್ಣೆ ಮುಟ್ಟಿಸಬೇಡಿ. ಆಟಿಯ ಮಳೆ ಕಳೆಯುವವರೆಗೆ ಕಟ್ಟನ್ನು ಅಟ್ಟದಿಂದ ಇಳಿಸಿ ಗಾಳಿಯಾಡುವ ಕೋಣೆಯಲ್ಲಿ ಇಡಿ. ಮೊದಲ ಮತ್ತು ಕೊನೆಯ ಓಲೆಯ ಫೋಟೋ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ, ಹಳೆಯ ಲಿಪಿ ಓದಬಲ್ಲ ಗೆಳತಿಯೊಬ್ಬರಿಗೆ ನಾನೇ ತೋರಿಸುತ್ತೇನೆ, ಯಾವ ಪ್ರಸಂಗವೆಂದು ತಿಳಿಯಲಿ.